ಕ್ರೋಮಿಯಂ ಅಲೈಲೇಷನ್ ಕೈಕೊಟ್ಟಾಗ ದೋಷ ಹುಡುಕುವ ಬಗೆ

ಇಳುವರಿ ಬಿದ್ದಿದೆಯೋ, ಇಇ (ಎಡ-ಬಲ ರೂಪಗಳಲ್ಲಿ ಒಂದು ಇನ್ನೊಂದಕ್ಕಿಂತ ಎಷ್ಟು ಹೆಚ್ಚು ಬಂತು ಎಂಬ ಲೆಕ್ಕ) ಬಿದ್ದಿದೆಯೋ? ಕ್ರೋಮಿಯಂ ಅಲೈಲೇಷನ್, ಅಂದರೆ ಕ್ರೋಮಿಯಂ ನೆರವಿನಿಂದ ಅಲೈಲ್ ಎಂಬ ಮೂರು ಕಾರ್ಬನ್‌ನ ತುಂಡನ್ನು ಆಲ್ಡಿಹೈಡ್‌ಗೆ ಸೇರಿಸುವ ರಿಯಾಕ್ಷನ್ ಕೆಟ್ಟಿದೆ ಎಂದು ಯಾರೇ ಬಂದರೂ ನಾನು ಮೊದಲು ಕೇಳುವುದು ಇದನ್ನೇ. ಇವೆರಡೂ ಬೇರೆ ಬೇರೆ ಕಾಯಿಲೆ. ಒಂದೇ ಮದ್ದು ಎರಡಕ್ಕೂ ನಾಟುವುದಿಲ್ಲ. ಇಳುವರಿ ಬಿದ್ದರೆ ಕ್ರೋಮಿಯಂ ಸರಿಯಾಗಿ ದುಡಿಯುತ್ತಿಲ್ಲ ಎಂದರ್ಥ. ಇಳುವರಿ ಚೆನ್ನಾಗಿದ್ದು ಇಇ ಮಾತ್ರ ಬಿದ್ದರೆ ಕ್ರೋಮಿಯಂ ಚೆನ್ನಾಗಿಯೇ ದುಡಿಯುತ್ತಿದೆ, ಆದರೆ ಒಂದಷ್ಟು ಕ್ರೋಮಿಯಂ ಲಿಗ್ಯಾಂಡ್‌ನ (ಕ್ರೋಮಿಯಂಗೆ ಅಂಟಿ ಎಡವೋ ಬಲವೋ ಎಂದು ಆರಿಸುವ ಅಣು) ಹಿಡಿತಕ್ಕೆ ಸಿಗದೆ ತನ್ನ ಪಾಡಿಗೆ ದುಡಿಯುತ್ತಿದೆ ಎಂದೇ ಮೊದಲು ಅನುಮಾನಿಸಬೇಕು.

ಹೊಸಬರಿಗಾಗಿ ಒಂದು ಮಾತು. ನಮ್ಮ ಎರಡು ಕೈಗಳ ಹಾಗೆ ಕೆಲವು ಅಣುಗಳಿಗೂ ಎಡ ಬಲ ಎಂಬ ಎರಡು ರೂಪ ಇರುತ್ತವೆ. ನೂರರಲ್ಲಿ 94 ಒಂದು ಕೈಯವು, 6 ಇನ್ನೊಂದು ಕೈಯವು ಬಂದರೆ ಇಇ 88. ಎರಡೂ ಸಮ ಬಂದರೆ ಸೊನ್ನೆ. ಔಷಧಿ ಮಾಡುವವರಿಗೆ ಈ ಲೆಕ್ಕ ಬಹಳ ಮುಖ್ಯ. ಸ್ತನ ಕ್ಯಾನ್ಸರ್‌ಗೆ ಕೊಡುವ ಎರಿಬುಲಿನ್ ಎಂಬ ಔಷಧಿಯ ಒಂದು ಅಣುವಿನಲ್ಲಿ ಇಂಥ ಎಡ-ಬಲದ ಜಾಗಗಳು 19 ಇವೆ. ಅದನ್ನು ಕಾರ್ಖಾನೆಯಲ್ಲಿ ತಯಾರಿಸುವಾಗ ಇದೇ ಜಾತಿಯ ಕ್ರೋಮಿಯಂ ರಿಯಾಕ್ಷನ್ ಬಳಸುತ್ತಾರೆ. 2010ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಫ್ಲಾಸ್ಕ್‌ನೊಳಗೆ ಏನು ನಡೆಯುತ್ತದೆ

ಇದನ್ನು ಕಣ್ಣ ಮುಂದೆ ಇಟ್ಟುಕೊಳ್ಳದೆ ದೋಷ ಹುಡುಕಲು ಹೊರಟರೆ ಕತ್ತಲಲ್ಲಿ ತಡಕಾಡಿದಂತೆ. ಒಂದು ಅಲೈಲ್ ಬ್ರೋಮೈಡ್ ಅಣುವಿಗೆ ಎರಡು ಕ್ರೋಮಿಯಂ-2 (ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕ್ರೋಮಿಯಂ) ಬೇಕು. ಒಂದು ಬ್ರೋಮಿನ್ ಕಿತ್ತುಕೊಳ್ಳುತ್ತದೆ, ಇನ್ನೊಂದು ಕಾರ್ಬನ್‌ಗೆ ಅಂಟಿಕೊಳ್ಳುತ್ತದೆ. ಆ ಅಂಟಿಕೊಂಡ ಜೋಡಿ ಆಲ್ಡಿಹೈಡ್‌ಗೆ ಹೋಗಿ ಸೇರುತ್ತದೆ. ಎಡವೋ ಬಲವೋ ಎಂಬುದು ತೀರ್ಮಾನವಾಗುವುದು ಅದೇ ಗಳಿಗೆಯಲ್ಲಿ. ಸೇರಿದ ಮೇಲೆ ಕ್ರೋಮಿಯಂ ಆಕ್ಸಿಜನ್ ಜೊತೆ ಕಚ್ಚಿಕೊಂಡು ಕೂರುತ್ತದೆ, ಆ ಬಂಧ ಬಲು ಗಟ್ಟಿ. ಟಿಎಂಎಸ್ ಕ್ಲೋರೈಡ್ ಎಂಬ ಸಿಲಿಕಾನ್ ಇರುವ ದ್ರವ ಬಂದು ಆಕ್ಸಿಜನ್‌ಗೆ ಸಿಲಿಕಾನ್ ಕೊಟ್ಟು ಕ್ರೋಮಿಯಂ ಅನ್ನು ಬಿಡಿಸುತ್ತದೆ. ಬಿಡುಗಡೆಯಾದ ಕ್ರೋಮಿಯಂ-3 ಅನ್ನು ಮ್ಯಾಂಗನೀಸ್ ಪುಡಿ ಮತ್ತೆ ಕ್ರೋಮಿಯಂ-2 ಮಾಡುತ್ತದೆ. ಚಕ್ರ ತಿರುಗುತ್ತದೆ.

ಈ ಚಕ್ರ ಒಂದೇ ದಿನದಲ್ಲಿ ಸಿಕ್ಕಿದ್ದಲ್ಲ. 1977ರಲ್ಲಿ ಜಪಾನಿನ ನೊಜಾಕಿ, ಹಿಯಾಮಾ ಮತ್ತು ಜೊತೆಗಾರರು ಅಲೈಲ್ ಹ್ಯಾಲೈಡ್‌ಗಳನ್ನು ಕ್ರೋಮಿಯಂ-2 ಬಳಸಿ ಆಲ್ಡಿಹೈಡ್‌ಗೆ ಸೇರಿಸಿದರು. ಆಗ ಕ್ರೋಮಿಯಂ ರಾಶಿ ರಾಶಿ ಬೇಕಿತ್ತು. 1996ರಲ್ಲಿ ಫ್ಯೂರ್ಸ್ಟ್‌ನರ್ ಮತ್ತು ಶಿ ಮ್ಯಾಂಗನೀಸ್ ಹಾಗೂ ಟಿಎಂಎಸ್ ಕ್ಲೋರೈಡ್ ಸೇರಿಸಿ ಚಿಟಿಕೆ ಕ್ರೋಮಿಯಂನಲ್ಲೇ ಕೆಲಸ ಮಾಡಿ ತೋರಿಸಿದರು. 1999ರಲ್ಲಿ ಇಟಲಿಯ ಕೊಜ್ಜಿ, ಉಮಾನಿ-ರೊಂಕಿ ಅವರ ತಂಡ ಸಾಲೆನ್ ಲಿಗ್ಯಾಂಡ್ ಹಾಕಿ ಕೈ ಆರಿಸುವ ಕ್ಯಾಟಲಿಸ್ಟ್ ಮಾಡಿತು. ಆಮೇಲೆ ಕಿಶಿ ಅವರ ಸಲ್ಫೊನಮೈಡ್ ಲಿಗ್ಯಾಂಡ್, ನಕಾಡಾ ಅವರ ಕಾರ್ಬಜೋಲ್ ಲಿಗ್ಯಾಂಡ್ ಬಂದವು.

ಚಕ್ರದಲ್ಲಿ ನಾಲ್ಕು ಕೈಗಳು ಇವೆ ಅಂದುಕೊಳ್ಳಿ: ಕ್ರೋಮಿಯಂ, ಲಿಗ್ಯಾಂಡ್, ಸಿಲಿಕಾನ್, ಮ್ಯಾಂಗನೀಸ್. ಯಾವ ಕೈ ಸೋತಿದೆ ಎಂದು ಕಂಡುಹಿಡಿಯುವುದೇ ನಮ್ಮ ಕೆಲಸ.

ರಾಯಚೂರಿನ ಒಂದು ಮೇ ತಿಂಗಳು

ನಾನು ಆಗ ರಾಯಚೂರಿನ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಅಲೈಲೇಷನ್ ಚಳಿಗಾಲ ಪೂರ್ತಿ ಚೆನ್ನಾಗಿ ನಡೆದಿತ್ತು, ಇಇ 88ರ ಆಸುಪಾಸು. ಮೇ ತಿಂಗಳಲ್ಲಿ ಒಂದು ದಿನ 74 ಬಂತು. ಇಳುವರಿ ಒಂದಿಷ್ಟೂ ಕದಲಿರಲಿಲ್ಲ. ಮತ್ತೆ ಮಾಡಿದೆವು, ಮತ್ತೆ ಅದೇ. ಮೂರನೇ ಸಲ ಎಚ್‌ಪಿಎಲ್‌ಸಿ (ಅಣುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಮುಂದೆ ಕೂತಿದ್ದ ಹುಡುಗಿ ತಿರುಗಿ, "ಮೇಡಂ, ಈ ಸಲನೂ ಕಡಿಮಿನೇ ಬಂದೈತ್ರಿ" ಅಂದಳು. ಅವಳ ಮುಖ ಬಾಡಿತ್ತು. ತನ್ನ ಕೈಯಲ್ಲೇ ಏನೋ ತಪ್ಪಾಗಿದೆ ಎಂದು ಅವಳು ಅಂದುಕೊಂಡಿದ್ದಳು.

ಎಲ್ಲರೂ ಬಿಸಿಲಿನ ಕಡೆ ಬೆರಳು ತೋರಿಸಿದೆವು. ಅದು ಸಹಜ ಅಲ್ವಾ? ಹೊರಗೆ 42 ಡಿಗ್ರಿ. ಆದರೆ ನಾವು ಮಾಡುತ್ತಿದ್ದದ್ದು ಸೊನ್ನೆ ಡಿಗ್ರಿಯಲ್ಲಿ, ಥರ್ಮಾಮೀಟರ್ ಫ್ಲಾಸ್ಕ್‌ನ ಒಳಗೇ ಇತ್ತು. ಬಿಸಿಲಿನ ಮೇಲೆ ಹಾಕಿ ಕೈ ತೊಳೆದುಕೊಳ್ಳುವಂತಿರಲಿಲ್ಲ.

ನಂತರ ಲಿಗ್ಯಾಂಡ್ ಮೇಲೆ ಅನುಮಾನ. ಹೊಸ ಬ್ಯಾಚ್ ಏಪ್ರಿಲ್ ಕೊನೆಗೆ ಬಂದಿತ್ತು. ಆಪ್ಟಿಕಲ್ ರೊಟೇಷನ್, ಅಂದರೆ ಅದರ ದ್ರಾವಣ ಬೆಳಕಿನ ಕಂಪನವನ್ನು ಎಷ್ಟು ತಿರುಗಿಸುತ್ತದೆ ಎಂಬ ಅಳತೆ, ತೆಗೆದೆವು. ಹಳೆಯದಕ್ಕಿಂತ ಆರರಲ್ಲಿ ಒಂದು ಪಾಲು ಕಡಿಮೆ. ಸಿಕ್ಕಿತು, ಲಿಗ್ಯಾಂಡೇ ಅರ್ಧಂಬರ್ಧ ಎಡ-ಬಲ ಕಲೆತು ಹೋಗಿದೆ ಎಂದು ಎಲ್ಲರೂ ಒಪ್ಪಿದೆವು. ಹೊಸದಾಗಿ ತಯಾರಿಸಲು ಸಾಮಾನು ತರಿಸುವ ಪಟ್ಟಿಯನ್ನೂ ಬರೆದಾಯಿತು. ಆದರೂ ಒಂದು ಸಲ ಲಿಗ್ಯಾಂಡ್ ಅನ್ನೇ ಎಡ-ಬಲ ರೂಪಗಳನ್ನು ಬೇರ್ಪಡಿಸುವ ಕೈರಲ್ ಕಾಲಮ್‌ನಲ್ಲಿ ಓಡಿಸೋಣ ಎಂದೆ. ಒಂದೇ ಪೀಕ್ ಬಂತು. ಇನ್ನೊಂದು ಕೈಯ ಸುಳಿವೇ ಇಲ್ಲ.

ರೊಟೇಷನ್ ಕಡಿಮೆ, ಕೈರಲ್ ಕಾಲಮ್ ಶುದ್ಧ. ಎರಡೂ ಹೇಗೆ ನಿಜ ಆಗುತ್ತವೆ? ಈ ಪ್ರಶ್ನೆ ಇಟ್ಟುಕೊಂಡು ಒಂದು ಸಂಜೆ ಪೂರ್ತಿ ಕೂತೆವು. ರೊಟೇಷನ್ ಲೆಕ್ಕದಲ್ಲಿ ತೂಕ ಬರುತ್ತದೆ. ಕಾಲಮ್‌ನ ಲೆಕ್ಕದಲ್ಲಿ ತೂಕ ಬರುವುದಿಲ್ಲ. ಹಾಗಾದರೆ ತೂಕವೇ ಸುಳ್ಳು ಹೇಳುತ್ತಿದೆ! ಮರುದಿನ ಎನ್‌ಎಂಆರ್ (ಯಾವ ಯಾವ ಅಣು ಇದೆ ಎಂದು ತೋರಿಸುವ ಪರೀಕ್ಷೆ) ತೆಗೆದರೆ ಈಥೈಲ್ ಅಸಿಟೇಟ್ ಎಂಬ ಸಾಲ್ವೆಂಟ್‌ನ ಪೀಕ್‌ಗಳು ಎದ್ದು ನಿಂತಿದ್ದವು. ಆ ಬಾಟಲಿಯ ತೂಕದಲ್ಲಿ ಹತ್ತಿರ ಹತ್ತಿರ ಆರನೇ ಒಂದು ಪಾಲು ಬರೀ ಸಾಲ್ವೆಂಟ್.

ನಮ್ಮ ಲಿಗ್ಯಾಂಡ್ ಹರಳಾಗುವುದಿಲ್ಲ. ಒಣಗಿದಾಗ ನೊರೆ ಗಟ್ಟಿಯಾದ ಹಾಗೆ ಇರುತ್ತದೆ, ಸಾಲ್ವೆಂಟ್ ಅನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಅದನ್ನು ರಾತ್ರಿಯಿಡೀ ವ್ಯಾಕ್ಯೂಮ್ ಪಂಪ್‌ಗೆ ಹಚ್ಚಿದ್ದರು. ಆ ರಾತ್ರಿ ಕರೆಂಟ್ ಹೋಗಿತ್ತು. ಬೆಳಿಗ್ಗೆ ಬಂದಾಗ ಪಂಪ್ ಓಡುತ್ತಿತ್ತು, ಆದ್ದರಿಂದ ರಾತ್ರಿ ಪೂರ್ತಿ ಓಡಿದೆ ಎಂದೇ ಎಲ್ಲರೂ ಅಂದುಕೊಂಡರು.

ಈಗ ಲೆಕ್ಕ ನೋಡಿ. ನಾವು ಕ್ರೋಮಿಯಂಗೆ ಸರಿಸಮ ಲಿಗ್ಯಾಂಡ್ ಹಾಕುತ್ತಿದ್ದೆವು. ತೂಕದಲ್ಲಿ ಆರನೇ ಒಂದು ಪಾಲು ಸಾಲ್ವೆಂಟ್ ಆದರೆ, ಕ್ರೋಮಿಯಂನ ಆರನೇ ಒಂದು ಪಾಲಿಗೆ ಲಿಗ್ಯಾಂಡೇ ಇಲ್ಲ. ಆ ಬರಿಗೈ ಕ್ರೋಮಿಯಂ ಕೂಡ ಅಷ್ಟೇ ವೇಗದಲ್ಲಿ ದುಡಿದು ಎಡ ಬಲ ಸಮವಾಗಿ ಕೊಟ್ಟರೆ, ಇಇ 88ರ ಆರರಲ್ಲಿ ಐದು ಪಾಲು ಆಗಬೇಕು. ಅಂದರೆ 73. ನಮಗೆ ಬಂದಿದ್ದು 74. ಆ ಸಂಖ್ಯೆ ಹಲಗೆಯ ಮೇಲೆ ಬರೆದಾಗ ಆದ ಸಂತೋಷ ಇವತ್ತಿಗೂ ನೆನಪಿದೆ. ಲಿಗ್ಯಾಂಡ್ ಅನ್ನು ಟಾಲ್ಯೂನ್‌ನಲ್ಲಿ ಕರಗಿಸಿ ಎರಡು ಸಲ ರೋಟಾವ್ಯಾಪ್‌ನಲ್ಲಿ ಆರಿಸಿ, ಮತ್ತೆ ಪಂಪ್‌ಗೆ ಹಚ್ಚಿ, ತೂಕ ಇಳಿಯುವುದು ನಿಲ್ಲುವ ತನಕ ಬಿಟ್ಟೆವು. 88 ವಾಪಸ್ ಬಂತು. ಆ ಹುಡುಗಿಯ ಕೈಯಲ್ಲಿ ಏನೂ ತಪ್ಪಿರಲಿಲ್ಲ.

ಅಂದಿನಿಂದ ಲಿಗ್ಯಾಂಡ್ ಅನ್ನು ಕ್ರೋಮಿಯಂಗಿಂತ ನೂರಕ್ಕೆ ಹತ್ತರಷ್ಟು ಜಾಸ್ತಿಯೇ ಹಾಕುತ್ತೇನೆ. ಬಳಸುವ ಮುಂಚೆ ಎನ್‌ಎಂಆರ್ ನೋಡದೆ ತಕ್ಕಡಿ ಮುಟ್ಟುವುದಿಲ್ಲ.

ಇಇ ಬಿದ್ದಾಗ ನೋಡಬೇಕಾದ ಉಳಿದ ಜಾಗಗಳು

ಮೊದಲು ಎರಡು ಖಾಲಿ ಪರೀಕ್ಷೆ ಮಾಡಿ. ಒಂದರಲ್ಲಿ ಲಿಗ್ಯಾಂಡ್ ಬಿಟ್ಟು ಉಳಿದದ್ದೆಲ್ಲ ಹಾಕಿ. ಇನ್ನೊಂದರಲ್ಲಿ ಕ್ರೋಮಿಯಂ ಕೂಡ ಬಿಡಿ, ಬರೀ ಮ್ಯಾಂಗನೀಸ್ ಮತ್ತು ಟಿಎಂಎಸ್ ಕ್ಲೋರೈಡ್ ಇರಲಿ. ಅಷ್ಟೇ ಹೊತ್ತು, ಅಷ್ಟೇ ಉಷ್ಣತೆ. ಮೊದಲನೆಯದು ಓಡಿದರೆ ಬರಿಗೈ ಕ್ರೋಮಿಯಂ ನಿಮ್ಮ ಶತ್ರು. ಎರಡನೆಯದೂ ಓಡಿದರೆ ಮ್ಯಾಂಗನೀಸ್ ನೇರವಾಗಿ ಅಲೈಲ್ ಬ್ರೋಮೈಡ್ ಹಿಡಿಯುತ್ತಿದೆ. ಆಗ ಲಿಗ್ಯಾಂಡ್ ಎಷ್ಟೇ ಸುರಿದರೂ ಉಪಯೋಗವಿಲ್ಲ. ಉಷ್ಣತೆ ಇಳಿಸಬೇಕು, ಬ್ರೋಮೈಡ್ ನಿಧಾನವಾಗಿ ಬಿಡಬೇಕು, ಇಲ್ಲವೇ ಕ್ಲೋರೈಡ್‌ಗೆ ಬದಲಾಯಿಸಬೇಕು. ಎರಡೂ ಓಡದಿದ್ದರೆ ದೋಷ ಲಿಗ್ಯಾಂಡ್‌ನ ಶುದ್ಧತೆಯಲ್ಲಿದೆ, ಇಲ್ಲವೇ ನಿಮ್ಮ ಅಳತೆಯಲ್ಲೇ ಇದೆ. ಎರಡು ಪುಟ್ಟ ಫ್ಲಾಸ್ಕ್, ಒಂದು ದಿನದ ಕೆಲಸ. ಮೂರು ವಾರ ಉಳಿಸುತ್ತದೆ.

ಸಲ್ಫೊನಮೈಡ್ ಜಾತಿಯ ಲಿಗ್ಯಾಂಡ್ ತಾನಾಗಿ ಕ್ರೋಮಿಯಂಗೆ ಕೂರುವುದಿಲ್ಲ. ನೈಟ್ರೊಜನ್ ಮೇಲಿನ ಪ್ರೋಟಾನ್ ಅನ್ನು ಟ್ರೈಈಥೈಲಮೈನ್‌ನಂಥ ಬೇಸ್ ಕಿತ್ತುಕೊಡಬೇಕು. ಬೇಸ್ ಕಡಿಮೆ ಬಿದ್ದರೆ ಲಿಗ್ಯಾಂಡ್ ಪಕ್ಕದಲ್ಲಿ ಸುಮ್ನೆ ಈಜುತ್ತಿರುತ್ತದೆ. ಹಳೆಯ ಟಿಎಂಎಸ್ ಕ್ಲೋರೈಡ್ ಈ ಬೇಸ್‌ನ ಕಳ್ಳ. ತೇವ ತಗುಲಿದರೆ ಅದರಲ್ಲಿ ಎಚ್‌ಸಿಎಲ್ ಹುಟ್ಟುತ್ತದೆ, ಆ ಎಚ್‌ಸಿಎಲ್ ನಿಮ್ಮ ಬೇಸ್ ತಿನ್ನುತ್ತದೆ. ಮುಚ್ಚಳ ತೆಗೆದಾಗ ದಟ್ಟ ಬಿಳಿ ಹೊಗೆ ಎದ್ದರೆ ಆ ಬಾಟಲಿಯನ್ನು ಮತ್ತೆ ಡಿಸ್ಟಿಲ್ ಮಾಡದೆ ಬಳಸಬೇಡಿ.

ಇನ್ನೊಂದು, ಆತುರ. ಕ್ರೋಮಿಯಂ, ಲಿಗ್ಯಾಂಡ್, ಬೇಸ್ ಮೂರನ್ನೂ ಟಿಎಚ್‌ಎಫ್ ಎಂಬ ಸಾಲ್ವೆಂಟ್‌ನಲ್ಲಿ ಬಿಟ್ಟು ಕನಿಷ್ಠ ಒಂದು ಗಂಟೆ ತಿರುಗಲು ಬಿಡಿ, 30 ಡಿಗ್ರಿ ಹತ್ತಿರ. ನಮ್ಮ ಲಿಗ್ಯಾಂಡ್‌ನಲ್ಲಿ ಆ ಹೊತ್ತಿಗೆ ಬೂದು ಪುಡಿ ಕರಗಿ ಗಾಢ ಹಸಿರು ದ್ರಾವಣ ಆಗುತ್ತದೆ. ತಳದಲ್ಲಿ ಪುಡಿ ಕಂಡರೆ ಮುಂದಿನ ಹೆಜ್ಜೆ ಇಡಬೇಡಿ. ಕೆಲವರು ಎಲ್ಲವನ್ನೂ ಒಟ್ಟಿಗೆ ಸುರಿದು ಹೊರಟುಬಿಡುತ್ತಾರೆ. ಒಗ್ಗರಣೆ ಸಿಡಿಯುವ ಮುಂಚೆ ಮಂಡಕ್ಕಿ ಸುರಿದರೆ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ಅಳತೆಯ ದೋಷವನ್ನೂ ಮರೆಯಬೇಡಿ. ಟಿಎಂಎಸ್ ಇರುವುದರಿಂದ ಉತ್ಪನ್ನ ಫ್ಲಾಸ್ಕ್‌ನಲ್ಲಿ ಸಿಲೈಲ್ ಈಥರ್ ಆಗಿರುತ್ತದೆ. ವರ್ಕಪ್‌ನಲ್ಲಿ (ಕೊನೆಗೆ ನೀರು ಹಾಕಿ ಉತ್ಪನ್ನ ಬೇರ್ಪಡಿಸುವಾಗ) ಒಂದಷ್ಟು ಕಳಚುತ್ತದೆ, ಒಂದಷ್ಟು ಉಳಿಯುತ್ತದೆ. ಆ ಮಿಶ್ರಣವನ್ನು ಹಾಗೇ ಕಾಲಮ್‌ಗೆ ಬಿಟ್ಟರೆ ಒಂದರ ಪೀಕ್ ಇನ್ನೊಂದರ ಮೇಲೆ ಕೂತು ಸುಳ್ಳು ಇಇ ತೋರಿಸಬಹುದು. ಮೊದಲು ಸ್ವಲ್ಪ ಆಸಿಡ್ ಅಥವಾ ಟಿಬಿಎಎಫ್ ಹಾಕಿ ಎಲ್ಲವನ್ನೂ ಆಲ್ಕೋಹಾಲ್ ಮಾಡಿಕೊಳ್ಳಿ. ಎಡ ಬಲ ಸಮ ಇರುವ ಮಾದರಿಯನ್ನು ಅದೇ ದಿನ, ಅದೇ ಕಾಲಮ್‌ನಲ್ಲಿ ಓಡಿಸಿ ನೋಡಿ. ಆಮೇಲೆ ಸಂಖ್ಯೆ ನಂಬಿ.

ರಿಯಾಕ್ಷನ್ ಶುರುವೇ ಆಗದಿದ್ದರೆ

ಇದು ಬೇರೆ ಕಾಯಿಲೆ. ಮೊದಲು ಕ್ರೋಮಿಯಂ ಬಾಟಲಿ ನೋಡಿ. ನೀರಿಲ್ಲದ ಕ್ರೋಮಿಯಂ-2 ಕ್ಲೋರೈಡ್ ಬಿಳಿ ಇಲ್ಲವೇ ತಿಳಿ ಬೂದು ಬಣ್ಣ. ಪುಡಿ ಹಸಿರಿಗೆ ತಿರುಗಿದ್ದರೆ ಗಾಳಿ, ತೇವ ಕುಡಿದಿದೆ. ದ್ರಾವಣದ ಹಸಿರು ಒಳ್ಳೆಯದು, ಒಣ ಪುಡಿಯ ಹಸಿರು ಕೆಟ್ಟದ್ದು. ಈ ಎರಡನ್ನು ಗೊಂದಲ ಮಾಡಿಕೊಳ್ಳಬೇಡಿ. ಕ್ರೋಮಿಯಂ-3 ಕ್ಲೋರೈಡ್‌ನಿಂದ ಶುರು ಮಾಡುವವರು ನೇರಳೆ ಬಣ್ಣದ, ನೀರಿಲ್ಲದ ಪುಡಿಯನ್ನೇ ತೆಗೆದುಕೊಳ್ಳಬೇಕು. ಗಾಢ ಹಸಿರು ಹರಳಿನದು ಆರು ನೀರಿನ ಅಣು ಹೊತ್ತಿರುತ್ತದೆ, ಅದು ಇಲ್ಲಿ ಆಗುವುದಿಲ್ಲ. ನೇರಳೆ ಪುಡಿ ಟಿಎಚ್‌ಎಫ್‌ನಲ್ಲಿ ಹಾಗೇ ಕರಗದು. ಮ್ಯಾಂಗನೀಸ್ ಹಾಕಿ ಸ್ವಲ್ಪ ಕ್ರೋಮಿಯಂ-2 ಹುಟ್ಟಿದ ಮೇಲೆಯೇ ಕರಗಲು ಶುರುವಾಗುತ್ತದೆ.

ಮ್ಯಾಂಗನೀಸ್ ಬಗ್ಗೆ ನಮ್ಮ ಸೀಮೆಯವರಿಗೆ ಒಂದು ಸುಲಭದ ಚಿತ್ರ ಇದೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳಲ್ಲಿ ಸಿಗುವ ಕಪ್ಪು ಅದಿರು ನೋಡಿದ್ದೀರಲ್ಲ? ಅದು ಬಹುಪಾಲು ಮ್ಯಾಂಗನೀಸ್‌ನ ಆಕ್ಸೈಡ್. ಗಾಳಿಯಲ್ಲಿ ಕೂತ ಮ್ಯಾಂಗನೀಸ್ ಪುಡಿಯ ಪ್ರತಿ ಕಣದ ಮೇಲೂ ಅದೇ ಆಕ್ಸೈಡ್‌ನ ತೆಳು ಸಿಪ್ಪೆ ಕೂತಿರುತ್ತದೆ. ಸಿಪ್ಪೆ ದಪ್ಪ ಆದರೆ ಒಳಗಿನ ಲೋಹ ಕ್ರೋಮಿಯಂಗೆ ಮುಟ್ಟುವುದೇ ಇಲ್ಲ. ತೆಳು ಎಚ್‌ಸಿಎಲ್‌ನಲ್ಲಿ ಸ್ವಲ್ಪ ಹೊತ್ತು ತೊಳೆಯಿರಿ, ನೀರು, ಆಮೇಲೆ ಅಸಿಟೋನ್, ಆಮೇಲೆ ವ್ಯಾಕ್ಯೂಮ್‌ನಲ್ಲಿ ಒಣಗಿಸಿ. ತೊಳೆಯುವಾಗ ಹೈಡ್ರೊಜನ್ ಏಳುತ್ತದೆ, ಹತ್ತಿರ ಬೆಂಕಿ ಬೇಡ, ಹುಡ್‌ನಲ್ಲೇ ಮಾಡಿ.

ಪುಡಿ ಭಾರ ಬೇರೆ. 50 ಮಿಲಿ ಫ್ಲಾಸ್ಕ್‌ನಲ್ಲಿ ಮ್ಯಾಗ್ನೆಟ್ ಅದನ್ನು ಎತ್ತಿ ತಿರುಗಿಸುತ್ತದೆ. 2 ಲೀಟರ್ ಫ್ಲಾಸ್ಕ್‌ನಲ್ಲಿ ತಳಕ್ಕೆ ಕೂತು ಮರಳಿನ ಹಾಗೆ ಮಲಗಿಬಿಡುತ್ತದೆ. ಚಿಕ್ಕದರಲ್ಲಿ ಸರಿ, ದೊಡ್ಡದರಲ್ಲಿ ನಿಧಾನ ಎಂದರೆ ಮೊದಲು ಕೆಳಗೆ ಬಗ್ಗಿ ತಳ ನೋಡಿ. ಮೇಲಿಂದ ಇಳಿಯುವ ಯಾಂತ್ರಿಕ ಸ್ಟಿರರ್ ಹಾಕಿ.

ಅಲೈಲ್ ಬ್ರೋಮೈಡ್ ಬದಲು ವಿನೈಲ್ ಅಯೋಡೈಡ್ ಬಳಸುವವರಿಗೆ ಇನ್ನೊಂದು ಪ್ರಶ್ನೆ: ನಿಕಲ್ ಎಷ್ಟು ಹಾಕಿದಿರಿ? ಅಲೈಲ್‌ಗೆ ನಿಕಲ್ ಬೇಡ, ವಿನೈಲ್‌ಗೆ ಬೇಕೇ ಬೇಕು. ಇದು ಗೊತ್ತಾದ ಕತೆಯೇ ಈ ಕ್ಷೇತ್ರದ ದೊಡ್ಡ ದೋಷ ಶೋಧನೆ. 1983ರಲ್ಲಿ ಜಪಾನಿನ ತಂಡ ವಿನೈಲ್ ಹ್ಯಾಲೈಡ್‌ಗಳನ್ನೂ ಸೇರಿಸಿತ್ತು. ಆದರೆ ಒಂದು ಕಡೆಯ ಕ್ರೋಮಿಯಂ ಕ್ಲೋರೈಡ್‌ನಲ್ಲಿ ಚೆನ್ನಾಗಿ ನಡೆದದ್ದು ಇನ್ನೊಂದು ಕಡೆಯದರಲ್ಲಿ ನಡೆಯುತ್ತಿರಲಿಲ್ಲ. 1986ರಲ್ಲಿ ಜಪಾನಿನಲ್ಲಿ ತಕಾಯ್, ನೊಜಾಕಿ ಅವರ ತಂಡ, ಹಾರ್ವರ್ಡ್‌ನಲ್ಲಿ ಕಿಶಿ ಅವರ ತಂಡ ಬೇರೆ ಬೇರೆಯಾಗಿ ಕಾರಣ ಹಿಡಿದವು. ಕ್ರೋಮಿಯಂನಲ್ಲಿ ಕಲ್ಮಶವಾಗಿ ಇದ್ದ ಚೂರು ನಿಕಲ್ಲೇ ನಿಜವಾದ ಕೆಲಸಗಾರ. ಶುದ್ಧ ಬಾಟಲಿ ಸೋಲುತ್ತಿತ್ತು, ಕೊಳಕು ಬಾಟಲಿ ಗೆಲ್ಲುತ್ತಿತ್ತು. ಬ್ಯಾಚ್ ಬದಲಾದಾಗ ಫಲಿತಾಂಶ ಬದಲಾದರೆ ಬೇಸರ ಪಡದೆ ಎರಡೂ ಬಾಟಲಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು ಎಂದು ನಾನು ಕಲಿತದ್ದು ಇವರಿಂದ. ಹಾಗಂತ ನಿಕಲ್ ಧಾರಾಳವಾಗಿ ಹಾಕಬೇಡಿ. ಜಾಸ್ತಿ ಆದರೆ ಎರಡು ವಿನೈಲ್ ತುಂಡುಗಳು ಪರಸ್ಪರ ಕೂಡಿಕೊಂಡು ಡೈಯೀನ್ ಆಗುತ್ತವೆ. ಟಿಎಲ್‌ಸಿಯಲ್ಲಿ (ತೆಳು ಫಲಕದ ಮೇಲೆ ಅಣುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಪರೀಕ್ಷೆ) ಮೇಲ್ತುದಿಗೆ ಓಡುವ, ಯುವಿಯಲ್ಲಿ ಗಾಢವಾಗಿ ಕಾಣುವ ಚುಕ್ಕೆ ಅದೇ ಇರಬಹುದು.

ಬೇಡದ ಚುಕ್ಕೆಗಳು

ಟಿಎಲ್‌ಸಿಯಲ್ಲಿ ಉತ್ಪನ್ನಕ್ಕಿಂತ ಕೆಳಗೆ ಒಂದು ಜೋಡಿ ಚುಕ್ಕೆ ಬಂದರೆ ಆಲ್ಡಿಹೈಡ್ ತನ್ನ ಜೊತೆಗೇ ಕೂಡಿಕೊಂಡಿರಬಹುದು. ಬೆಂಜಾಲ್ಡಿಹೈಡ್‌ನಂಥವುಗಳಲ್ಲಿ ಈ ಪಿನಾಕಾಲ್ ಜೋಡಿ ಸುಲಭವಾಗಿ ಆಗುತ್ತದೆ. ಆಲ್ಡಿಹೈಡ್ ಅನ್ನು ಒಮ್ಮೆಲೇ ಸುರಿಯದೆ ಸಿರಿಂಜ್ ಪಂಪ್‌ನಲ್ಲಿ ನಿಧಾನವಾಗಿ ಬಿಡಿ. ಕಿಶಿ ಅವರ ತಂಡ ಟಿಎಂಎಸ್ ಕ್ಲೋರೈಡ್ ಬದಲು ಜಿರ್ಕೋನೋಸೀನ್ ಡೈಕ್ಲೋರೈಡ್ ಬಳಸಿತ್ತು, ಅದೂ ಒಂದು ದಾರಿ. ಉತ್ಪನ್ನದ ಆಲ್ಕೋಹಾಲ್ ಬದಲು ಕೀಟೋನ್ ಕಂಡರೆ, ಕ್ರೋಮಿಯಂಗೆ ಅಂಟಿದ ಉತ್ಪನ್ನ ತನ್ನ ಹೈಡ್ರೈಡ್ ಅನ್ನು ಉಳಿದ ಆಲ್ಡಿಹೈಡ್‌ಗೆ ಕೊಟ್ಟುಬಿಟ್ಟಿದೆ. ಇದಕ್ಕೂ ಅದೇ ಮದ್ದು, ಆಲ್ಡಿಹೈಡ್ ಫ್ಲಾಸ್ಕ್‌ನಲ್ಲಿ ರಾಶಿ ಬೀಳಬಾರದು. ಹಳೆಯ ಆಲ್ಡಿಹೈಡ್ ಗಾಳಿಯಲ್ಲಿ ಆಸಿಡ್ ಆಗಿರುತ್ತದೆ. ಬಳಸುವ ದಿನವೇ ಡಿಸ್ಟಿಲ್ ಮಾಡಿ.

ಕ್ರೋಟೈಲ್ ಬ್ರೋಮೈಡ್ (ಅಲೈಲ್‌ಗೆ ಇನ್ನೊಂದು ಕಾರ್ಬನ್ ಸೇರಿದ್ದು) ಬಳಸಿದಾಗ ಸಾಮಾನ್ಯವಾಗಿ ಆಂಟಿ ಉತ್ಪನ್ನವೇ (ಪಕ್ಕಪಕ್ಕದ ಎರಡು ಗುಂಪುಗಳು ಎದುರು ಬದಿಗೆ ಇರುವುದು; ಒಂದೇ ಬದಿಗೆ ಇದ್ದರೆ ಸಿನ್) ಜಾಸ್ತಿ ಬರಬೇಕು, ಶುರುವಿನ ಬ್ರೋಮೈಡ್ ಇ, ಜೆಡ್ ಎಂಬ ಎರಡು ಆಕಾರಗಳಲ್ಲಿ ಯಾವುದಾದರೂ. ಆದರೆ ಸಾಲೆನ್ ಲಿಗ್ಯಾಂಡ್‌ನಲ್ಲಿ ಸಿನ್ ಜಾಸ್ತಿ ಬಂದ ಉದಾಹರಣೆ ಇದೆ. ಆದ್ದರಿಂದ ಸಿನ್ ಕಂಡ ಕೂಡಲೇ ದೋಷ ಎನ್ನಬೇಡಿ, ನಿಮ್ಮ ಲಿಗ್ಯಾಂಡ್ ಯಾವುದು ನೋಡಿಕೊಳ್ಳಿ.

ರೂಮ್ ಟೆಂಪರೇಚರ್ ಅಂದರೆ ಯಾರ ರೂಮು?

ಪೇಪರ್‌ಗಳಲ್ಲಿ ರೂಮ್ ಟೆಂಪರೇಚರ್ ಎಂದು ಬರೆದಿದ್ದರೆ 20ರಿಂದ 25 ಡಿಗ್ರಿ. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಬೇಸಿಗೆಯ ಮಧ್ಯಾಹ್ನ ಎಸಿ ಇಲ್ಲದ ಕೋಣೆ 38 ದಾಟುತ್ತದೆ. ನಲ್ಲಿ ನೀರೇ ಬಿಸಿ ಬರುತ್ತದೆ, ಅದನ್ನು ಕಂಡೆನ್ಸರ್‌ಗೆ ಬಿಟ್ಟು ಏನು ತಂಪು? ನೋಟ್‌ಬುಕ್‌ನಲ್ಲಿ ಆರ್‌ಟಿ ಎಂದು ಬರೆಯುವುದನ್ನು ಬಿಟ್ಟು ಡಿಗ್ರಿಯನ್ನೇ ಬರೆಯಿರಿ.

ಬಿಸಿಯ ಇನ್ನೊಂದು ಪೆಟ್ಟು ಸಿರಿಂಜ್‌ನಲ್ಲಿ. ಟಿಎಂಎಸ್ ಕ್ಲೋರೈಡ್ 57 ಡಿಗ್ರಿಗೆ ಕುದಿಯುತ್ತದೆ, ಟಿಎಚ್‌ಎಫ್ 66ಕ್ಕೆ. ಬಾಟಲಿಯೇ 40ರಲ್ಲಿ ಇದ್ದಾಗ ಎಳೆದ ಸಿರಿಂಜ್‌ನಲ್ಲಿ ಅರ್ಧ ಆವಿ ಇರುತ್ತದೆ, ಸೂಜಿಯ ತುದಿಯಿಂದ ತಾನಾಗೇ ತೊಟ್ಟಿಕ್ಕುತ್ತದೆ. 2 ಮಿಲಿ ಹಾಕಿದೆ ಎಂದುಕೊಂಡಿರುತ್ತೀರಿ, ಹೋಗಿರುವುದು ಅದಕ್ಕಿಂತ ಕಡಿಮೆ. ಬಾಟಲಿಯನ್ನು ಮೊದಲು ತಂಪು ಮಾಡಿ. ಸಿರಿಂಜ್ ಅನ್ನು ಹಾಕುವ ಮುಂಚೆ, ಹಾಕಿದ ಮೇಲೆ ತೂಗಿ. ವ್ಯತ್ಯಾಸವೇ ನಿಜವಾದ ಅಳತೆ. ತಂಪು ಬಾಟಲಿಯನ್ನು ಮಳೆಗಾಲದಲ್ಲಿ ತೆರೆದರೆ ಹೊರಮೈ ಬೆವರುತ್ತದೆ, ಆ ಹನಿ ಒಳಗೆ ಹೋಗದಂತೆ ಒರೆಸಿ.

ಕೊನೆಗೆ ವರ್ಕಪ್

ಎಲ್ಲ ಸರಿ ಹೋಗಿ ಇಲ್ಲಿ ಇಳುವರಿ ಕಳೆದುಕೊಂಡವರು ಬಹಳ. ನೀರು ಹಾಕಿದ ಕೂಡಲೇ ಹಸಿರು ಲೋಳೆ ಏಳುತ್ತದೆ, ಪದರಗಳು ಬೇರೆ ಆಗುವುದಿಲ್ಲ. ಆ ಲೋಳೆಯೊಳಗೆ ನಿಮ್ಮ ಉತ್ಪನ್ನ ಸಿಕ್ಕಿಕೊಂಡಿರುತ್ತದೆ. ಸೋಡಿಯಂ ಪೊಟ್ಯಾಸಿಯಂ ಟಾರ್ಟ್ರೇಟ್ ದ್ರಾವಣ, ಅಥವಾ ಸೆರಿನ್ ಎಂಬ ಅಮೈನೊ ಆಸಿಡ್‌ನ ಲವಣ ಹಾಕಿ ಒಂದು ಗಂಟೆ ಜೋರಾಗಿ ತಿರುಗಿಸಿ. ಅವು ಕ್ರೋಮಿಯಂ ಅನ್ನು ಹಿಡಿದು ನೀರಿನ ಕಡೆ ಎಳೆದುಕೊಳ್ಳುತ್ತವೆ. ಮೇಲಿನ ಪದರ ತಿಳಿಯಾದಾಗ ಬೇರ್ಪಡಿಸಿ.

ಕೆಳಗಿನ ಹಸಿರು ನೀರನ್ನು ಸಿಂಕ್‌ಗೆ ಬಿಡಬೇಡಿ. ಬೇರೆ ಕ್ಯಾನ್‌ನಲ್ಲಿ ಹಾಕಿ ಕ್ರೋಮಿಯಂ ಎಂದು ದೊಡ್ಡದಾಗಿ ಬರೆಯಿರಿ. ಆ ಕ್ಯಾನ್‌ಗೆ ಬ್ಲೀಚ್, ಪೆರಾಕ್ಸೈಡ್‌ನಂಥದ್ದು ಏನೂ ಬೀಳಬಾರದು. ಬಿದ್ದರೆ ಕ್ರೋಮಿಯಂ-3 ಹೋಗಿ ಕ್ರೋಮಿಯಂ-6 ಆಗಬಹುದು, ಅದು ಕ್ಯಾನ್ಸರ್ ತರುವ ವಿಷ. ನಮ್ಮ ಲ್ಯಾಬ್‌ನಲ್ಲಿ ಆ ಕ್ಯಾನ್ ಇಡುವ ಕಪಾಟಿಗೆ ಬೀಗ ಇದೆ. ಬೀಗದ ಕೈ ರಿಯಾಕ್ಷನ್ ಮಾಡಿದವರ ಹತ್ತಿರವೇ ಇರುತ್ತದೆ.